ರಾಜಧಾನಿ ನೋಡಲು ಹೋದ ಕಂಪ್ಲಿಯವರು

ಕಂಪ್ಲಿಯವರಿಗೆ ಹಂಪಿ ಅಂದ್ರೆ ಹಿತ್ತಲ ಗಿಡ. ಯಾವಾಗ ಬೇಕಾದ್ರೂ ಹೋಗಬಹುದು ಅಂತ ಯಾವತ್ತೂ ಹೋಗೋದಿಲ್ಲ :-) ಕಳೆದ ಡಿಸೆಂಬರ್ ರಜೆಗೆ ಬೆಂಗಳೂರಿಂದ ಅಕ್ಕನ ಮಕ್ಕಳು ಬಂದಿದ್ದರು. ಅಪ್ಪ ತೀರಿಕೊಂಡ ಮೇಲೆ ಮೊದಲ ಚಳಿಗಾಲ ಅದು. ಅಮ್ಮ ಮನೆ ಬಿಟ್ಟು ಹೊರಗೆ ಹೋಗುವುದನ್ನೇ ನಿಲ್ಲಿಸಿದ್ದರು. ಮಕ್ಕಳ ಹಟಕ್ಕೆ ಅಂತೂ ಹೊರಟರು. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ ಕಟ್ಟಿಕೊಂಡು ಬೆಳಿಗ್ಗೆ ಏಳಕ್ಕೇ ಗಾಡಿ ಹತ್ತಿದೆವು. ರಾಮಸಾಗರ, ಬುಕ್ಕಸಾಗರ ದಾಟುವಾಗ ಗದ್ದೆಗಳ ಮೇಲೆ ಇನ್ನೂ ಮಂಜಿತ್ತು.

ಮೊದಲು ಮಹಾನವಮಿ ದಿಬ್ಬ. ಸುಮಾರು 1520ರಲ್ಲಿ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಈ ಊರನ್ನು ರೋಮ್ ನಗರಕ್ಕೆ ಹೋಲಿಸಿದ್ದ ಅಂತ ಹೇಳಿದೆ. ಮಕ್ಕಳಿಗೆ ಅದಕ್ಕಿಂತ ಪಕ್ಕದ ಪುಷ್ಕರಣಿಯ ಮೆಟ್ಟಿಲುಗಳೇ ಹಿಡಿಸಿದವು. 1980ರ ದಶಕದ ಉತ್ಖನನದಲ್ಲಿ ಸಿಕ್ಕ ಕೊಳ ಅದು. ಯಾವ ಕಲ್ಲು ಎಲ್ಲಿ ಕೂರಬೇಕು ಅಂತ ಶಿಲ್ಪಿಗಳು ಹಾಕಿದ ಗುರುತುಗಳು ಈಗಲೂ ಕಾಣುತ್ತವೆ. ಆಮೇಲೆ ಕಮಲ ಮಹಲು, ಹನ್ನೊಂದು ಕೋಣೆಗಳ ಆನೆ ಲಾಯ. ಮಧ್ಯಾಹ್ನ ವಿಠ್ಠಲ ದೇವಾಲಯದ ಕಲ್ಲಿನ ರಥ. ದೊಡ್ಡವನು ಜೇಬಿನಿಂದ 50 ರೂಪಾಯಿ ನೋಟು ತೆಗೆದು ರಥದ ಪಕ್ಕ ಹಿಡಿದು ಫೋಟೋ ತೆಗೆಸಿಕೊಂಡ. 2017ರಲ್ಲಿ ಬಂದ ನೋಟು ಅದು. ಅಲ್ಲಿದ್ದವರೆಲ್ಲ ಅದನ್ನೇ ಮಾಡ್ತಾ ಇದ್ದರು ಅನ್ನಿ.

ಆಗ ಚಿಕ್ಕವಳು ಕೇಳಿದಳು: "ಮಾಮಾ, ಇದು ರಾಜಧಾನಿ. ಹಾಗಾದ್ರೆ ನಮ್ಮ ಕಂಪ್ಲಿ ಏನು?"

ನನಗೆ ಬೇಕಾಗಿದ್ದೂ ಅದೇ ಪ್ರಶ್ನೆ. ಹಂಪಿಯ ಕಥೆಯನ್ನು ಎಲ್ಲರೂ 1336ರಿಂದ ಶುರು ಮಾಡ್ತಾರೆ. ಅದಕ್ಕೂ ಮೊದಲೇ ಕಂಪ್ಲಿ ದೊಡ್ಡ ಊರು. 11ನೇ ಶತಮಾನದಲ್ಲಿ ಇಲ್ಲಿ ಚಾಲುಕ್ಯರ ಅರಮನೆಯಿತ್ತು. ಅದನ್ನು ನಾಶ ಮಾಡಿದೆ ಅಂತ ಚೋಳ ರಾಜಾಧಿರಾಜ ಶಾಸನಗಳಲ್ಲಿ ಹೇಳಿಕೊಂಡಿದ್ದಾನೆ. 14ನೇ ಶತಮಾನದ ಆರಂಭಕ್ಕೆ ಇದು ಒಂದು ರಾಜ್ಯದ ಹೆಸರೇ ಆಯಿತು. ದೊರೆ ಕಂಪಿಲರಾಯ, ಕೋಟೆ ಹೊಳೆಯಾಚೆಯ ಕುಮ್ಮಟದುರ್ಗ. ಮಗ ಕುಮಾರರಾಮ. ನಂಜುಂಡ ಕವಿ ಸಾಂಗತ್ಯದಲ್ಲಿ ಬರೆದದ್ದು ಇವನ ಕಥೆಯನ್ನೇ.

ದೆಹಲಿಯ ಮಹಮ್ಮದ್ ಬಿನ್ ತುಘಲಕ್ ವಿರುದ್ಧ ಅವನ ಸೋದರಸಂಬಂಧಿ ಬಹಾವುದ್ದೀನ್ ಗುರ್ಷಾಸ್ಪ್ ದಂಗೆಯೆದ್ದು ಸೋತು ಓಡಿಬಂದ. ಆಶ್ರಯ ಕೊಟ್ಟವನು ಕಂಪಿಲರಾಯ. ಸುಲ್ತಾನನ ಸೈನ್ಯ ಬಂದಾಗಲೂ ಅತಿಥಿಯನ್ನು ಒಪ್ಪಿಸಲಿಲ್ಲ. ಕೋಟೆ ನಿಲ್ಲುವುದಿಲ್ಲ ಅಂತ ಗೊತ್ತಾದಾಗ ಅವನನ್ನು ಹೊಯ್ಸಳ ಬಲ್ಲಾಳನ ಕಡೆ ಕಳಿಸಿಕೊಟ್ಟ. ಹೆಂಗಸರು ಬೆಂಕಿಗೆ ಹಾರಿದರು, ರಾಜ ಹೋರಾಡಿ ಸತ್ತ. ಇದು 1327ರ ಸುಮಾರಿನ ಮಾತು. ಬಲ್ಲಾಳ ಮಾತ್ರ ಗುರ್ಷಾಸ್ಪನನ್ನು ಹಿಡಿದುಕೊಟ್ಟ. ಇದನ್ನೆಲ್ಲ ಬರೆದಿಟ್ಟ ಇಬ್ನ್ ಬತೂತ ಸೆರೆಯಾಗಿ ಹೋದ ಕಂಪಿಲರಾಯನ ಮಕ್ಕಳಲ್ಲಿ ಕೆಲವರನ್ನು ಕಂಡಿದ್ದ. ಹರಿಹರ ಬುಕ್ಕರು ಮೊದಲು ಕಂಪಿಲಿಯ ಭಂಡಾರದಲ್ಲಿದ್ದರು ಅಂತ ಒಂದು ಐತಿಹ್ಯವಿದೆ, ಒಪ್ಪದ ಇತಿಹಾಸಕಾರರೂ ಇದ್ದಾರೆ. ಅಂತೂ ಸೋತ ರಾಜ್ಯದ ಮುಂದಿನ ಅಧ್ಯಾಯ ವಿಜಯನಗರ. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಕಂಪ್ಲಿ ಬಳ್ಳಾರಿಯಲ್ಲೇ ಉಳಿದದ್ದು ನೋಡಿ ನಗಬೇಕೋ ಅಳಬೇಕೋ..

"ಹಾಗಾದ್ರೆ ಅವನದ್ದು ಏನೂ ಉಳಿದಿಲ್ವಾ?" ಅಂದಳು.

ಉಳಿದಿದೆ, ಹಂಪಿಯಲ್ಲೇ. ಸಂಜೆ ವಿರೂಪಾಕ್ಷನಿಗೆ ಕೈಮುಗಿದು ಪಕ್ಕದ ಹೇಮಕೂಟ ಹತ್ತಿದೆವು. ಸೂರ್ಯಾಸ್ತ ನೋಡಲು ಬಂದವರು ಬಂಡೆಗಳ ತುಂಬ ಇದ್ದರು. ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾದ ಶಿಖರಗಳ ಸಣ್ಣ ಕಲ್ಲಿನ ಗುಡಿಗಳಿವೆ. ಎಷ್ಟೋ ಜನ ಜೈನ ಬಸದಿ ಅಂದುಕೊಳ್ಳುತ್ತಾರೆ. ಅವುಗಳಲ್ಲೊಂದು ಮೂರು ಗರ್ಭಗುಡಿಗಳ ತ್ರಿಕೂಟ. ಮುಮ್ಮಡಿ ಸಿಂಗೆಯನಾಯಕನ ಮಗ ವೀರ ಕಂಪಿಲದೇವ ಕಟ್ಟಿಸಿದ್ದು ಅಂತ ಅಲ್ಲಿ ಶಾಸನವಿದೆ. ಮೂರು ಶಿವಲಿಂಗಗಳನ್ನು ಅವನು ಪ್ರತಿಷ್ಠೆ ಮಾಡಿಸಿದ್ದು ತಂದೆ, ತಾಯಿ ಮತ್ತು ಪೆರುಮೆಯನಾಯಕನ ನೆನಪಿಗೆ.

ವಿಜಯನಗರ ಹುಟ್ಟುವ ಮೊದಲೇ ಇಲ್ಲಿ ನಿಂತಿದ್ದ ಗುಡಿ ಅದು. 1565ರ ಸೋಲಿನ ನಂತರ ಊರು ಹಾಳಾಯಿತು, ಅದು ಉಳಿಯಿತು. ಅದರ ಜಗಲಿಯ ಮೇಲೆ ಕೂತು ಉಳಿದ ರೊಟ್ಟಿ ಬಿಚ್ಚಿದೆವು. ಅಮ್ಮ ತಿನ್ನದೆ ಸುಮ್ಮನೆ ಒಳಗಿನ ಕತ್ತಲೆಯನ್ನು ನೋಡ್ತಾ ಇದ್ದರು.

"ಅಪ್ಪನಿಗೆ ಕಟ್ಟಿಸಿದ್ದಾ?"

"ಹೂಂ. ಅಪ್ಪ, ಅಮ್ಮ ಇಬ್ಬರಿಗೂ."

"ರಾಜನಾಗಿ ಮಾಡಿದ್ದೆಲ್ಲ ಹೋಯ್ತು, ಮಗನಾಗಿ ಮಾಡಿದ್ದು ಉಳೀತು ನೋಡು" ಅಂದರು. ಆಮೇಲೆ ಒಂದು ರೊಟ್ಟಿ ಮುರಿದು ತಿಂದರು.

ಅಷ್ಟೇ. ನೀವು ಹಂಪಿಗೆ ಬಂದರೆ ಹೇಮಕೂಟದಲ್ಲಿ ಬೆನ್ನು ತಿರುಗಿಸಿ ಸೂರ್ಯನನ್ನಷ್ಟೇ ನೋಡಬೇಡಿ. ಆ ತ್ರಿಕೂಟದ ಹತ್ತಿರವೂ ಐದು ನಿಮಿಷ ಕೂತು ಬನ್ನಿ. ಕಂಪ್ಲಿಯವರ ಕಡೆಯಿಂದ ಇದೊಂದು ವಿನಂತಿ.