ಸಾರಥ್ಯದ ಅನುಜ್ಞಾಪತ್ರವೂ ಅದರ ನವೀಕರಣವೂ

ವ್ಯಾಕರಣಶಾಸ್ತ್ರದಲ್ಲಿ ಚ್ವಿ ಎಂಬುದೊಂದು ಪ್ರತ್ಯಯವುಂಟು. ಮೊದಲು ಹಾಗಿಲ್ಲದಿದ್ದ ವಸ್ತುವು ಹಾಗಾಗುವುದನ್ನು ಅದು ಸೂಚಿಸುವುದು. ಬಿಳಿಯದಲ್ಲದ ಬಟ್ಟೆಯನ್ನು ಬಿಳಿದಾಗಿಸುವುದು ಶುಕ್ಲೀಕರಣ. ಹೊಸದಲ್ಲದುದನ್ನು ಹೊಸದಾಗಿಸುವುದು ನವೀಕರಣ. ಪಾಠಶಾಲೆಯಲ್ಲಿ ನಾವು ಬಾಲಕರಾಗಿದ್ದಾಗ ಇದನ್ನು ಕಂಠಪಾಠ ಮಾಡಿದ್ದೆವು. ಅದರ ಅರ್ಥವು ನನ್ನ ಮನಸ್ಸಿಗೆ ಚೆನ್ನಾಗಿ ನಾಟಿದುದಾದರೋ ಅರುವತ್ತನ್ನು ದಾಟಿದ ಮೇಲೆ, ನನ್ನ ವಾಹನಚಾಲನೆಯ ಲೈಸೆನ್ಸನ್ನು ನವೀಕರಿಸಬೇಕಾಗಿ ಬಂದಾಗ. ಕಾಗದವೇನೋ ಹೊಸದಾಗಬಲ್ಲುದು, ಅದನ್ನು ಹಿಡಿದಿರುವವನ ಕಣ್ಣು ಕೈಗಳು ಹೊಸದಾಗುವವೇ? ಈ ಪ್ರಶ್ನೆಯಿಂದ ಪ್ರೇರಿತನಾಗಿ, ಈ ಪದ್ಧತಿಯು ಎಲ್ಲಿ ಹುಟ್ಟಿತು, ಹೇಗೆ ಬೆಳೆಯಿತು, ಅದಕ್ಕೆ ಕಾಲದ ಮಿತಿಯನ್ನು ಇಟ್ಟುದರ ಉದ್ದೇಶವೇನು ಎಂಬುದನ್ನು ವಾಚಕರ ಮುಂದೆ ಸಂಕ್ಷೇಪವಾಗಿ ನಿವೇದಿಸಬೇಕೆಂದಿರುವೆನು.

ಅಯೋಗ್ಯನ ಕೈಗೆ ವಾಹನವನ್ನು ಕೊಡಬಾರದೆಂಬ ವಿಚಾರವು ಪಾಶ್ಚಾತ್ಯರಿಂದಲೇ ಬಂದುದೆಂದು ಅನೇಕರು ಭಾವಿಸುವುದುಂಟು. ಅದು ಸರಿಯಲ್ಲ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ವಾಹನಗಳಿಂದ ಆಗುವ ಹಿಂಸೆಯ ವಿಚಾರವು ವಿಸ್ತಾರವಾಗಿ ಬಂದಿದೆ. ಎತ್ತಿನ ಮೂಗುದಾರವು ಹರಿದರೆ, ನೊಗವು ಮುರಿದರೆ, ಅಚ್ಚು ಅಥವಾ ಗಾಲಿಯು ಮುರಿದರೆ, ಇಲ್ಲವೆ ಸಾರಥಿಯು ದೂರ ಸರಿಯಿರೆಂದು ಕೂಗಿಕೊಂಡಿದ್ದರೆ, ದಂಡವಿಲ್ಲವೆಂದು ಅಲ್ಲಿ ಹೇಳಿದೆ. ಆದರೆ ಸಾರಥಿಯ ಕೌಶಲ್ಯವಿಲ್ಲದಿರುವಿಕೆಯಿಂದ ಬಂಡಿಯು ದಾರಿತಪ್ಪಿ ಹಿಂಸೆಯಾದರೆ, ಒಡೆಯನಿಗೆ ಇನ್ನೂರು ಪಣಗಳ ದಂಡ. ಸಾರಥಿಯು ಬಲ್ಲವನಾಗಿದ್ದು ತಪ್ಪಿದರೆ ದಂಡವು ಅವನಿಗೇ. ಇನ್ನೊಂದು ಮಾತು ಬಹಳ ಮನನೀಯವಾದುದು: ಸಾರಥಿಯು ಅಯೋಗ್ಯನಾಗಿದ್ದರೆ ಆ ಬಂಡಿಯಲ್ಲಿ ಕುಳಿತವರೆಲ್ಲರೂ ತಲೆಗೆ ನೂರು ಪಣಗಳನ್ನು ತೆರಬೇಕು. ಬಾರದವನ ಬಂಡಿಯನ್ನು ಹತ್ತಿದುದೇ ಅಪರಾಧವೆಂದು ಇದರ ತಾತ್ಪರ್ಯವು.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಇದೇ ಬಗೆಯ ವಿಧಿಗಳಿವೆ. ೧೯೦೫ರಲ್ಲಿ ಈ ಗ್ರಂಥದ ತಾಳೆಯೋಲೆಯ ಪ್ರತಿಯು ಮೈಸೂರಿನಲ್ಲಿ ಆರ್. ಶಾಮಾಶಾಸ್ತ್ರಿಗಳವರ ದೃಷ್ಟಿಗೆ ಬಿದ್ದು, ೧೯೦೯ರಲ್ಲಿ ಅಲ್ಲಿಯೇ ಮುದ್ರಿತವಾಯಿತೆಂಬುದು ಕನ್ನಡಿಗರು ಅಭಿಮಾನದಿಂದ ನೆನೆಯತಕ್ಕ ಸಂಗತಿ. ಬಾಲಕನು ನಡೆಯಿಸುವ ವಾಹನವನ್ನು ರಾಜನು ಕಸಿದುಕೊಳ್ಳಬೇಕೆಂದೂ, ಅದರಲ್ಲಿ ಕುಳಿತ ಒಡೆಯನು ದಂಡಾರ್ಹನೆಂದೂ ಅದರಲ್ಲಿದೆ. ೨೦೧೯ರ ನಮ್ಮ ತಿದ್ದುಪಡಿಯ ಕಾಯಿದೆಯು ಅಪ್ರಾಪ್ತವಯಸ್ಕನು ವಾಹನವನ್ನು ನಡೆಯಿಸಿ ಅಪರಾಧವೆಸಗಿದರೆ ಪಾಲಕನಿಗೆ ಅಥವಾ ಒಡೆಯನಿಗೆ ಮೂರು ವರ್ಷಗಳವರೆಗಿನ ಸೆರೆಯನ್ನೂ ೨೫,೦೦೦ ರೂಪಾಯಿಗಳ ದಂಡವನ್ನೂ ವಿಧಿಸಿ, ವಾಹನದ ನೋಂದಣಿಯನ್ನು ಹನ್ನೆರಡು ತಿಂಗಳು ರದ್ದುಗೊಳಿಸುತ್ತದೆ. ಎರಡೂ ವಿಧಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಮನುಷ್ಯಸ್ವಭಾವವು ಎಷ್ಟು ಕಡಿಮೆ ಬದಲಾಗಿದೆಯೆಂಬುದು ಗೊತ್ತಾಗುವುದು.

ಅದೇ ಗ್ರಂಥದಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯೊಬ್ಬನಿದ್ದಾನೆ. ಒಂದು ಮಾಷಕವನ್ನು ತೆಗೆದುಕೊಂಡು ಅವನು ಮುದ್ರೆಯನ್ನು ಕೊಡಬೇಕು. ಮುದ್ರೆಯುಳ್ಳವನು ಮಾತ್ರವೇ ನಾಡನ್ನು ಹೊಗಬಹುದು, ಬಿಡಬಹುದು. ಮುದ್ರೆಯಿಲ್ಲದ ನಾಡಿಗನಿಗೆ ಹನ್ನೆರಡು ಪಣಗಳ ದಂಡ. ಸುಳ್ಳುಮುದ್ರೆಗೆ ಇನ್ನೂ ಹೆಚ್ಚಿನ ಶಿಕ್ಷೆ. ಹಾಗೆಂದು ನಮ್ಮ ಪೂರ್ವಿಕರಲ್ಲಿ ಇಂದಿನ ಲೈಸೆನ್ಸೇ ಇತ್ತೆಂದು ಹೇಳುವುದು ಸಾಹಸದ ಮಾತಾದೀತು. ಮುದ್ರೆಯು ಪ್ರಯಾಣಕ್ಕೆ ಸಂಬಂಧಪಟ್ಟುದು, ಸಾರಥ್ಯಕ್ಕಲ್ಲ. ಸಾರಥಿಯ ಯೋಗ್ಯತೆಯ ಪ್ರಶ್ನೆಯು ಏಳುತ್ತಿದ್ದುದು ಅನಾಹುತವಾದ ಮೇಲೆ, ನ್ಯಾಯಸಭೆಯಲ್ಲಿ. ಯೋಗ್ಯತೆಯನ್ನು ಮುಂಚಿತವಾಗಿಯೇ ವಿಚಾರಿಸಿ ಅದಕ್ಕೆ ಮುದ್ರೆಯೊತ್ತುವುದು, ಮತ್ತು ಆ ಮುದ್ರೆಗೆ ಆಯುಸ್ಸನ್ನು ಗೊತ್ತುಮಾಡುವುದು, ಇವೆರಡು ಮೋಟಾರಿನ ಯುಗದ ವಿಶೇಷಗಳು.

ಆ ಯುಗದ ಆರಂಭವು ಜರ್ಮನಿಯಲ್ಲಿ. ಕಾರ್ಲ್ ಬೆಂಜನು ನಿರ್ಮಿಸಿದ ಮೋಟಾರು ಗಾಡಿಯ ಸಪ್ಪಳಕ್ಕೂ ನಾತಕ್ಕೂ ಮಾನ್‌ಹೈಮ್ ಪಟ್ಟಣದ ಜನರು ಬೇಸತ್ತು ದೂರು ಹೇಳಲಾಗಿ, ಅವನು ಸರಕಾರದ ಲಿಖಿತ ಅನುಮತಿಯನ್ನು ಬೇಡಬೇಕಾಯಿತು. ೧೮೮೮ರ ಆಗಸ್ಟಿನಲ್ಲಿ ಬಾಡೆನ್ ಸಂಸ್ಥಾನದವರು ಅದನ್ನು ಕೊಟ್ಟರು. ಪ್ಯಾರಿಸ್ ನಗರದ ಪೋಲೀಸ್ ಅಧಿಪತಿಯು ೧೮೯೩ರ ಆಗಸ್ಟ್ ೧೪ರಂದು ಹೊರಡಿಸಿದ ಆಜ್ಞೆಯು ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಯಂತ್ರದ ಗಾಡಿಯನ್ನು ನಡೆಯಿಸುವವನಿಗೆ ಸಾಮರ್ಥ್ಯದ ಪ್ರಮಾಣಪತ್ರವು ಅವಶ್ಯವೆಂದು ವಿಧಿಸಿತು.

ಇಂಗ್ಲೆಂಡಿನ ಕಥೆಯು ನಮಗೆ ಹೆಚ್ಚು ಸಮೀಪದ್ದು. ೧೮೬೫ರ ಕಾಯಿದೆಯಂತೆ ಯಂತ್ರದ ಗಾಡಿಯ ಮುಂದೆ ೬೦ ಗಜ ದೂರದಲ್ಲಿ ಒಬ್ಬ ಮನುಷ್ಯನು ಕೆಂಪು ನಿಶಾನೆಯನ್ನು ಹಿಡಿದು ನಡೆಯಬೇಕಾಗಿತ್ತು. ಊರೊಳಗೆ ಗಂಟೆಗೆ ಎರಡು ಮೈಲಿಗಳಿಗಿಂತಲೂ, ಹೊರಗೆ ನಾಲ್ಕು ಮೈಲಿಗಳಿಗಿಂತಲೂ ಹೆಚ್ಚಾಗಿ ಓಡಿಸುವಂತಿರಲಿಲ್ಲ. ೧೮೯೬ರಲ್ಲಿ ಈ ಕಟ್ಟು ಸಡಿಲಿತು. ೧೯೦೩ರ ಮೋಟಾರು ಕಾಯಿದೆಯು ೧೯೦೪ರ ಜನವರಿ ೧ರಿಂದ ಚಾಲಕರಿಗೆ ಲೈಸೆನ್ಸನ್ನು ಕಡ್ಡಾಯ ಮಾಡಿತು. ಅದಕ್ಕೆ ಐದು ಶಿಲಿಂಗುಗಳ ಶುಲ್ಕ. ಅವಧಿ ಒಂದೇ ವರ್ಷ. ಆದರೆ ಪರೀಕ್ಷೆಯೆಂಬುದಿರಲಿಲ್ಲ. ಹದಿನೇಳು ವರ್ಷ ವಯಸ್ಸಾಗಿದ್ದು ಕೈಯಲ್ಲಿ ಐದು ಶಿಲಿಂಗುಗಳಿದ್ದವನು ಯಂತ್ರವನ್ನು ಮುಟ್ಟಿಯೇ ನೋಡಿರದಿದ್ದರೂ ಚಾಲಕನೆನಿಸಬಹುದಾಗಿತ್ತು. ಹೀಗಾಗಿ ವರ್ಷವರ್ಷದ ನವೀಕರಣವು ಕೇವಲ ಹಣವನ್ನು ತೆತ್ತು ಹೆಸರನ್ನು ಬರೆಯಿಸುವ ಕೆಲಸವಾಗಿತ್ತು.

ಇದರ ಪರಿಣಾಮವು ಘೋರವಾಯಿತು. ೧೯೩೪ರ ಒಂದೇ ವರ್ಷದಲ್ಲಿ ಆ ದೇಶದ ರಸ್ತೆಗಳಲ್ಲಿ ೭,೩೪೩ ಜನರು ಮಡಿದರು. ಆಗ ಪಾರ್ಲಿಮೆಂಟಿನವರು ಪರೀಕ್ಷೆಯನ್ನು ವಿಧಿಸಿದರು. ೧೯೩೫ರ ಜೂನ್ ೧ರಿಂದ ಅದು ಕಡ್ಡಾಯವಾಯಿತು. ೨೫ ಗಜ ದೂರದಿಂದ ಗಾಡಿಯ ಸಂಖ್ಯಾಫಲಕವನ್ನು ಓದಬೇಕೆಂಬ ನಿಯಮವು ಆ ಪರೀಕ್ಷೆಯ ಭಾಗವಾಗಿತ್ತು. ೧೯೩೪ರ ಏಪ್ರಿಲ್ ೧ಕ್ಕೆ ಮೊದಲೇ ಲೈಸೆನ್ಸನ್ನು ಪಡೆದಿದ್ದವರಿಗೆ ಮಾತ್ರ ವಿನಾಯಿತಿ ದೊರೆಯಿತು. ಹಳಬರನ್ನು ಪರೀಕ್ಷಿಸಲು ಯಾವ ಸರಕಾರಕ್ಕೂ ಸಂಕೋಚವೇ ಎಂಬುದಕ್ಕೆ ಇದೊಂದು ನಿದರ್ಶನವು. ಮುಂದೆ ೧೯೫೭ರಲ್ಲಿ ಅವಧಿಯು ಮೂರು ವರ್ಷಗಳಾಗಿ, ೧೯೭೬ರಿಂದ ಎಪ್ಪತ್ತು ವಯಸ್ಸಿನವರೆಗೂ ಒಂದೇ ಲೈಸೆನ್ಸು ಸಾಕೆಂದಾಯಿತು. ತರುವಾಯ ಮಾತ್ರ ಮೂರು ಮೂರು ವರ್ಷಗಳಿಗೊಮ್ಮೆ ನವೀಕರಣ.

ಇನ್ನು ನಮ್ಮ ದೇಶದ ಮಾತು. ಇಡೀ ಬ್ರಿಟಿಷ್ ಹಿಂದುಸ್ಥಾನಕ್ಕೆ ಅನ್ವಯಿಸುವ ಮೋಟಾರು ಕಾಯಿದೆಯು ೧೯೧೪ರಲ್ಲಿ ಬಂದಿತು. ಕನ್ನಡನಾಡು ಆಗ ಹರಿದು ಹಂಚಿಹೋಗಿತ್ತು. ಮುಂಬಯಿ ಇಲಾಖೆಯ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳಿಗೂ, ಮದರಾಸು ಇಲಾಖೆಯ ಬಳ್ಳಾರಿ, ಮಂಗಳೂರುಗಳಿಗೂ, ಕೊಡಗಿಗೂ ಈ ಕಾಯಿದೆಯೇ ಸಲ್ಲುತ್ತಿತ್ತು. ಮೈಸೂರು, ಹೈದರಾಬಾದು ಸಂಸ್ಥಾನಗಳ ಆಡಳಿತವು ಬೇರೆಯಾಗಿತ್ತು. ಬಳಿಕ ೧೯೩೯ರ ನಾಲ್ಕನೆಯ ಕಾಯಿದೆಯು ಹಳೆಯದರ ಸ್ಥಾನವನ್ನು ಆಕ್ರಮಿಸಿತು. ಅದು ಮೊದಲಿಗೆ ಲೈಸೆನ್ಸಿಗೆ ಹನ್ನೆರಡು ತಿಂಗಳ ಆಯುಸ್ಸನ್ನು ಮಾತ್ರವೇ ಕೊಟ್ಟಿತ್ತು. ಮುಂದಿನ ತಿದ್ದುಪಡಿಗಳಿಂದ ಆ ಅವಧಿಯು ಬೆಳೆಯುತ್ತ ಬಂದಿತು. ಈಗ ಜಾರಿಯಲ್ಲಿರುವುದು ೧೯೮೮ರ ಕಾಯಿದೆ. ೧೯೮೯ರ ಜುಲೈ ೧ರಂದು ಅದು ಆಚರಣೆಗೆ ಬಂದಿತು.

೨೦೧೯ರ ತಿದ್ದುಪಡಿಯು ನವೀಕರಣದ ವಿಷಯದಲ್ಲಿ ಅನೇಕ ಬದಲಾವಣೆಗಳನ್ನು ಮಾಡಿದೆ. ಸ್ವಂತದ ವಾಹನವನ್ನು ನಡೆಯಿಸುವವರಲ್ಲಿ ಮೂವತ್ತು ತುಂಬದವರಿಗೆ ನಾಲ್ವತ್ತರವರೆಗೂ, ಮೂವತ್ತರಿಂದ ಐವತ್ತರೊಳಗಿನವರಿಗೆ ಹತ್ತು ವರ್ಷ, ಐವತ್ತರಿಂದ ಐವತ್ತೈದರೊಳಗಿನವರಿಗೆ ಅರುವತ್ತರವರೆಗೂ, ಅದಕ್ಕೂ ಮೇಲ್ಪಟ್ಟವರಿಗೆ ಐದು ವರ್ಷ, ಹೀಗೆ ಲೈಸೆನ್ಸು ಸಿಂಧುವಾಗಿರುವುದು. ಮೊದಲು ಅವಧಿಯು ತೀರಿದರೂ ಮೂವತ್ತು ದಿವಸಗಳ ಕೃಪಾವಧಿಯಿತ್ತು; ಈಗ ಅದು ಹೋಗಿದೆ. ಅವಧಿಗೆ ಒಂದು ವರ್ಷ ಮುಂಚಿತವಾಗಿ ಆಗಲಿ, ತೀರಿದ ಒಂದು ವರ್ಷದೊಳಗೆ ಆಗಲಿ ಅರ್ಜಿಯನ್ನು ಕೊಡಬಹುದು. ಅದನ್ನು ಮೀರಿದರೆ ಚಾಲನೆಯ ಪರೀಕ್ಷೆಗೆ ಪುನಃ ನಿಲ್ಲಬೇಕು. ನಾಲ್ವತ್ತು ದಾಟಿದವರು ವೈದ್ಯರ ಪ್ರಮಾಣಪತ್ರವನ್ನು ಲಗತ್ತಿಸಬೇಕು. ಅರ್ಜಿಯನ್ನು ಸ್ವೀಕರಿಸುವ ಸರಕಾರದ ಗಣಕಯಂತ್ರದ ವ್ಯವಸ್ಥೆಗೆ ‘ಸಾರಥಿ’ ಎಂದೇ ಹೆಸರಿಟ್ಟಿರುವುದು ಸಂಸ್ಕೃತಾಭಿಮಾನಿಗಳಿಗೆ ಸಂತೋಷವನ್ನುಂಟುಮಾಡುವುದು.

ಅರ್ಜಿದಾರನು ತಾನೇ ಸಹಿಮಾಡಬೇಕಾದ ಶರೀರಸಾಮರ್ಥ್ಯದ ಘೋಷಣೆಯಲ್ಲಿ ಒಂದು ಪ್ರಶ್ನೆಯಿದೆ: ಒಳ್ಳೆಯ ಹಗಲಿನಲ್ಲಿ, ಕನ್ನಡಕವಿದ್ದರೆ ಅದನ್ನು ಧರಿಸಿ, ೨೫ ಮೀಟರು ದೂರದಿಂದ ಒಂದೊಂದು ಕಣ್ಣಿನಿಂದಲೂ ಮೋಟಾರಿನ ಸಂಖ್ಯಾಫಲಕವನ್ನು ಗುರುತಿಸಬಲ್ಲಿರಾ? ಇಂಗ್ಲೆಂಡಿನ ಆ ೨೫ ಗಜಗಳ ನಿಯಮವನ್ನೇ ಇದು ನೆನಪಿಗೆ ತರುವುದು. ಇಲ್ಲಿ ನನ್ನ ಸ್ವಾನುಭವವನ್ನು ಹೇಳಲು ವಾಚಕರು ಅಪ್ಪಣೆ ಕೊಡಬೇಕು.

ಪ್ರಮಾಣಪತ್ರಕ್ಕಾಗಿ ನಾನು ಹೋದುದು ನನ್ನ ಹಳೆಯ ಶಿಷ್ಯನೊಬ್ಬನ ದವಾಖಾನೆಗೆ. ಅವನು ಎದ್ದು ನಿಂತು ನಮಸ್ಕರಿಸಿ, “ಮಾಸ್ತರರೇ, ನಿಮ್ಮನ್ನು ನಾನು ಪರೀಕ್ಷಿಸುವುದೆಂದರೇನು!” ಎಂದು ಹೇಳಿ, ಚಹಾ ತರಿಸಿ, ಕಾಗದಕ್ಕೆ ಸಹಿಮಾಡಿ ಮುದ್ರೆಯೊತ್ತಿಯೇ ಬಿಟ್ಟನು. ನನಗೂ ಸಂತೋಷವೇ ಆಯಿತೆಂಬುದನ್ನು ಮುಚ್ಚಿಡಲಾರೆನು. ಮನೆಗೆ ಬಂದು ಘೋಷಣೆಗೆ ಸಹಿಮಾಡಲು ಕುಳಿತಾಗ ಮಾತ್ರ ಆ ಪ್ರಶ್ನೆಯ ಮುಂದೆ ಲೇಖನಿಯು ನಿಂತಿತು. ಮರುದಿನ ಮುಂಜಾನೆ ಮೊಮ್ಮಗನನ್ನು ಕರೆದುಕೊಂಡು ಶಾಲೆಯ ಬಯಲಿಗೆ ಹೋಗಿ, ಟೇಪು ಹಿಡಿದು ೨೫ ಮೀಟರು ಅಳೆಯಿಸಿ, ನನ್ನ ಸ್ಕೂಟರನ್ನು ಎದುರಿಗೆ ನಿಲ್ಲಿಸಿದೆನು. ಬಲಗಣ್ಣಿಗೆ ಸಂಖ್ಯೆಯು ಸ್ಪಷ್ಟವಾಗಿತ್ತು. ಎಡಗಣ್ಣಿಗೆ ಬಿಳಿಯ ಫಲಕವೊಂದು ಕಂಡಿತು. ಅದರ ಮೇಲೆ ಬರೆಹವಿದೆಯೆಂಬುದು ಕಾಣಲಿಲ್ಲ. “ಅಜ್ಜಾ, ನಮ್ಮ ಗಾಡಿಯ ನಂಬರು ನಿನಗೆ ಬಾಯಿಪಾಠ ಇದೆಯಲ್ಲ, ಹೇಳಿಬಿಡು” ಎಂದು ಮಗುವು ಸಲಹೆ ಕೊಟ್ಟಿತು. ನಮ್ಮಲ್ಲಿ ಎಷ್ಟೋ ನವೀಕರಣಗಳು ಹೀಗೆ ಬಾಯಿಪಾಠದಿಂದಲೇ ನಡೆಯುತ್ತಿರಬೇಕೆಂದು ನನಗೆ ಆಗ ತೋರಿತು.

ಆ ಕಾಗದವನ್ನು ನಾನು ಸಲ್ಲಿಸಲಿಲ್ಲ. ಕಣ್ಣಿನ ವೈದ್ಯರು ನೋಡಿ, ಪೊರೆ ಬಂದಿದೆಯೆಂದು ಹೇಳಿ ಶಸ್ತ್ರಚಿಕಿತ್ಸೆ ಮಾಡಿದರು. ಗಾಡಿಯು ಅಷ್ಟು ದಿನ ಪಡಸಾಲೆಯಲ್ಲಿಯೇ ನಿಂತಿತ್ತು. ಗುಣವಾದ ಬಳಿಕ ಪುನಃ ಶಿಷ್ಯನಲ್ಲಿಗೆ ಹೋಗಿ, “ಅಪ್ಪಾ, ನಾನು ಎಂದಾದರೂ ನಿನ್ನನ್ನು ಪರೀಕ್ಷಿಸದೆ ಮೇಲಿನ ತರಗತಿಗೆ ಕಳುಹಿಸಿದ್ದೆನೇ?” ಎಂದು ಕೇಳಿದೆನು. ಅವನು ನಾಚಿ, ಎರಡೂ ಕಣ್ಣುಗಳನ್ನು ಕ್ರಮವಾಗಿ ನೋಡಿ, ಹೊಸ ಕಾಗದವನ್ನು ಬರೆದನು. ಐದು ವರ್ಷಗಳ ಲೈಸೆನ್ಸು ಬಂದಿತು.

ನಮ್ಮ ದೇಶದ ರಸ್ತೆಗಳಲ್ಲಿ ೨೦೨೨ರಲ್ಲಿ ೧,೬೮,೪೯೧ ಜನರು ಮೃತಪಟ್ಟರೆಂದು ಕೇಂದ್ರಸರಕಾರದ ವರದಿಯು ಹೇಳುತ್ತದೆ. ಇವೆಲ್ಲವೂ ವೃದ್ಧರ ದೃಷ್ಟಿದೋಷದಿಂದ ಆದುವೆಂದು ನಾನು ಹೇಳುವುದಿಲ್ಲ; ವೇಗ, ಮದ್ಯ, ಕೆಟ್ಟ ದಾರಿ ಮುಂತಾದ ಕಾರಣಗಳು ಹಲವುಂಟು. ಆದರೆ ನಮ್ಮ ಕೈಯಲ್ಲಿರುವ ಒಂದು ಕಾರಣವನ್ನಾದರೂ ನಾವು ನಿವಾರಿಸಬಹುದಲ್ಲವೇ? ಜಪಾನಿನಲ್ಲಿ ೧೯೯೮ರಿಂದ ವೃದ್ಧರು ಸ್ವಸಂತೋಷದಿಂದ ಲೈಸೆನ್ಸನ್ನು ಸರಕಾರಕ್ಕೆ ಮರಳಿಸುವ ಏರ್ಪಾಡಿದೆ. ಎಪ್ಪತ್ತೈದು ದಾಟಿದವರಿಗೆ ನವೀಕರಣದ ಕಾಲದಲ್ಲಿ ಬುದ್ಧಿಶಕ್ತಿಯ ಪರೀಕ್ಷೆಯು ೨೦೦೯ರಿಂದ ಕಡ್ಡಾಯವಾಗಿದೆ. ಆಶ್ರಮಧರ್ಮವನ್ನು ಬಲ್ಲ ನಮಗೆ, ಕಾಲ ಬಂದಾಗ ಕೈಬಿಡುವುದೂ ಒಂದು ಯೋಗ್ಯತೆಯೆಂದು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಕಾಯಿದೆಯು ಪ್ರಶ್ನೆಯನ್ನು ಕೇಳಬಲ್ಲುದು. ನಿಜವಾದ ಉತ್ತರವು ಸಹಿಮಾಡುವವನಿಂದಲೇ ಬರಬೇಕು. ನಮ್ಮ ವಾಚಕರ ಮನೆಗಳಲ್ಲಿ ಹಿರಿಯರಿರುವರು. ಅವರ ಲೈಸೆನ್ಸಿನ ಅವಧಿಯು ಯಾವಾಗ ತೀರುವುದೆಂದು ನೋಡಿರಿ. ಅದಕ್ಕೆ ಮುಂಚೆ ಒಂದು ಮುಂಜಾನೆ ಇಪ್ಪತ್ತೈದು ಮೀಟರುಗಳನ್ನು ಅಳೆದು ನಿಲ್ಲಿಸಿರಿ. ನನ್ನ ಪತ್ರದ ಮುಂದಿನ ಅವಧಿಯು ತೀರಿದಾಗ, ಬದುಕಿದ್ದರೆ, ನಾನೂ ಮೊಮ್ಮಗನೊಡನೆ ಅದೇ ಬಯಲಿಗೆ ಹೋಗತಕ್ಕವನು. ಆಗ ಅವನು ಬೇರೆಯವರ ಗಾಡಿಯನ್ನು ತಂದು ನಿಲ್ಲಿಸಬೇಕೆಂದು ಈಗಲೇ ಹೇಳಿಟ್ಟಿರುವೆನು.