ಒಕ್ಕಲು: ಕಣದ ಮಾತೋ, ಮನೆಯ ಮಾತೋ

ಸುಗ್ಗಿಯ ಹೊತ್ತಿಗೆ ದೊಡ್ಡಬಳ್ಳಾಪುರ, ನೆಲಮಂಗಲದ ಕಡೆ ಹಳ್ಳಿ ದಾರಿ ಹಿಡಿದರೆ ಟಾರು ರಸ್ತೆಯ ಮೇಲೇ ರಾಗಿ ತೆನೆ ಹರಡಿರುವುದು ಕಾಣುತ್ತದೆ. ಕಣವಿಲ್ಲ, ಎತ್ತು ಎಳೆಯುವ ಕಲ್ಲುಗುಂಡಿಲ್ಲ. ಓಡಾಡುವ ಬಸ್ಸು, ಟೆಂಪೋಗಳ ಚಕ್ರವೇ ಕಾಳು ಉದುರಿಸುತ್ತದೆ. ಆದರೂ ಆ ಕೆಲಸದ ಹೆಸರು ಇವತ್ತಿಗೂ ಒಕ್ಕಣೆಯೇ. ಒಕ್ಕುವವನೇ ಒಕ್ಕಲಿಗ, ಅವನ ಬದುಕೇ ಒಕ್ಕಲುತನ ಎಂದು ಬಹಳ ಮಂದಿ ಅರ್ಥ ಹೇಳುವುದು ಈ ನೋಟದಿಂದಲೇ. ಕೇಳಲು ಹಿತವಾಗಿದೆ, ಆದರೆ ಒಕ್ಕಲು ಎಂಬ ಮಾತಿನ ಬೇರು ಕಣದಲ್ಲಿಲ್ಲ, ಮನೆಯಲ್ಲಿದೆ ಎಂಬುದು ನನ್ನ ನಂಬಿಕೆ. ಹೊಸ ಮನೆಗೆ ಹೋಗಿ ಸೇರುವುದನ್ನು ಮನೆ ಒಕ್ಕಲು ಎನ್ನುತ್ತೇವೆ. ಅಲ್ಲಿ ಯಾರೂ ತೆನೆ ಬಡಿಯುವುದಿಲ್ಲ. ಒಂದು ದೇವರಿಗೆ ತಲೆತಲಾಂತರದಿಂದ ನಡೆದುಕೊಳ್ಳುವ ಮನೆತನಗಳು ಆ ದೇವರ ಒಕ್ಕಲುಗಳು. ಅವರಲ್ಲಿ ನೇಕಾರರೂ ಇರಬಹುದು, ಕುಂಬಾರರೂ ಇರಬಹುದು. ಚಾಲುಕ್ಯರ ಕಾಲದ ಶಾಸನಗಳು ಗಾಣದ ತೆಲ್ಲಿಗರ ಸಂಘವನ್ನೇ ಐವತ್ತೊಕ್ಕಲು ಎಂದು ಕರೆದಿವೆ. ಎಣ್ಣೆ ತೆಗೆಯುವವರು ಪೈರು ಒಕ್ಕುವವರಲ್ಲ. ಅಲ್ಲಿ ಲೆಕ್ಕಕ್ಕೆ ಬಂದದ್ದು ಮನೆಗಳು. ಹಳೆಯ ತಮಿಳಿನಲ್ಲಿ ಒಕ್ಕಲ್ ಎಂದರೆ ನೆಂಟರಿಷ್ಟರು. ಒಕ್ಕುವುದಕ್ಕೂ ಒಕ್ಕಲಿಗೂ ಉಲಿ ಒಂದೇ, ಹುಟ್ಟು ಬೇರೆ ಎನ್ನಲು ಇಷ್ಟು ಸಾಕು.

ಮನೆಯಿಂದ ಹುಟ್ಟಿದ ಈ ಮಾತಿನ ಘನತೆ ತಿಳಿಯಲು, ಸಾಮಾನ್ಯ ಜನರಿಗೆ ನಾವು ಬಳಸುವ ಉಳಿದ ಮಾತುಗಳನ್ನು ಪಕ್ಕದಲ್ಲಿಟ್ಟು ನೋಡಬೇಕು. ಸಂಸ್ಕೃತದ ಪ್ರಜೆ ಎಂದರೆ ಮೊದಲಿಗೆ ಸಂತಾನ. ದೊರೆ ತಂದೆ, ಮಿಕ್ಕವರು ಮಕ್ಕಳು. ರೈತ ಬಂದದ್ದು ಅರಬ್ಬಿಯ ರಯ್ಯತ್ತಿನಿಂದ; ಅದರ ಹಿಂದಿರುವುದು ಕುರುಬ ಕಾಯುವ ಮಂದೆ. ಸಾಮಾನ್ಯ ಎನ್ನುವಾಗಲೇ ಅಸಾಮಾನ್ಯನೊಬ್ಬ ಎದುರಿಗೆ ನಿಂತಿರುತ್ತಾನೆ. ಒಕ್ಕಲು ಮಾತ್ರ ತನ್ನ ಅರ್ಥಕ್ಕೆ ಯಾವ ದೊಡ್ಡವನನ್ನೂ ಕಾಯುವುದಿಲ್ಲ. ಒಲೆ ಹೂಡಿ ಒಂದು ಕಡೆ ನೆಲೆ ನಿಂತರೆ ಆಯಿತು. ಈಗ ಅದು ಒಂದು ಜಾತಿಯ ಹೆಸರಲ್ಲವೇ ಎಂದರೆ, ಹೌದು. 1906ರಲ್ಲಿ ಬೆಂಗಳೂರಿನಲ್ಲಿ ಒಕ್ಕಲಿಗರ ಸಂಘ ಹುಟ್ಟುವ ಹೊತ್ತಿಗೆ ಒಕ್ಕಲಿಗ ಎಂಬ ರೂಪಕ್ಕೆ ಆ ಅರ್ಥ ಕೂತಿತ್ತು. ಒಕ್ಕಲು ಎಂಬ ರೂಪ ಮಾತ್ರ ಇನ್ನೂ ಎಲ್ಲರದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಒಕ್ಕಲು ಎಂದರೆ ಗೇಣಿದಾರ, ಧಣಿಯ ಜಮೀನಿನಲ್ಲಿ ಕೈಕಟ್ಟಿ ನಿಂತವನು. ಇಂಥ ಮಾತಿಗೆ ಘನತೆ ಎಲ್ಲಿಯದು? ಆಕ್ಷೇಪವನ್ನು ತಳ್ಳಿಹಾಕಲಾಗದು. ಉಳುವವನೇ ಹೊಲದೊಡೆಯ ಎನ್ನಲು 1974ರ ಭೂಸುಧಾರಣೆ ತಿದ್ದುಪಡಿಯೇ ಬರಬೇಕಾಯಿತು. ಆದರೆ ಧಣಿ ಅವನಿಗೆ ಮಾಡಬಹುದಾಗಿದ್ದ ಅತಿ ದೊಡ್ಡ ಕೇಡಿನ ಹೆಸರನ್ನು ಗಮನಿಸಿ: ಒಕ್ಕಲೆಬ್ಬಿಸುವುದು. ಕೂತವರನ್ನು ತಾನೇ ಎಬ್ಬಿಸುವುದು? ಜಮೀನು ಯಾರದೇ ಆಗಿರಲಿ, ನೆಲೆ ಒಕ್ಕಲಿನದು ಎಂಬುದನ್ನು ಆ ಕ್ರಿಯಾಪದವೇ ಒಪ್ಪಿಕೊಂಡಿದೆ. ಕಣದ ಅರ್ಥ ಹಿಡಿದವರಿಗೆ ಈ ಮಾತು ಬಿಡಿಸಲು ಬರುವುದೇ ಇಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳಲ್ಲಿ 1,777 ಎಕರೆಯನ್ನು ಕೈಗಾರಿಕೆಗೆಂದು ತೆಗೆದುಕೊಳ್ಳಲು ಹೊರಟಾಗ, ಅಲ್ಲಿಯವರು ಮೂರು ವರ್ಷಕ್ಕೂ ಮೀರಿ ಧರಣಿ ಕೂತರು. ಕಡತದಲ್ಲಿ ಅದು ಭೂಸ್ವಾಧೀನ. ಆ ಮಾತಿನಲ್ಲಿ ಭೂಮಿಯಿದೆ, ಮನುಷ್ಯರಿಲ್ಲ. ಒಕ್ಕಲೆಬ್ಬಿಸುವುದು ಎಂದರೆ ಮನೆಯೂ ದೇವರೂ ದನದ ಕೊಟ್ಟಿಗೆಯೂ ಕಣ್ಣಮುಂದೆ ಬರುತ್ತವೆ. 2025ರ ಜುಲೈ 15ರಂದು ಸರ್ಕಾರ ಆ ಸ್ವಾಧೀನವನ್ನು ಕೈಬಿಟ್ಟಿತು. ಆ ಹಳ್ಳಿಗಳ ಒಕ್ಕಲು ಏಳಲಿಲ್ಲ.