ಹನ್ನೊಂದು ಮಾಸದ ಬದುಕು

ಹನ್ನೆರಡು ಮಾಸ ತೂಗಿದರೆ ಒಂದು ತೊಲ. ಹನ್ನೊಂದೇ ತೂಗಿದರೆ ಅದು ಪೂರ್ಣ ತೊಲವಲ್ಲ. ಅಕ್ಕಸಾಲಿಗರ ಈ ಲೆಕ್ಕದಿಂದ ಮರಾಠಿಯಲ್ಲಿ ‘ಅಕ್ಕರಮಾಶಿ’ ಎಂಬ ಬೈಗುಳ ಹುಟ್ಟಿತು. ವಿವಾಹದ ಹೊರಗೆ ಹುಟ್ಟಿದ ಮಗುವಿಗೆ ಊರು ಕೊಟ್ಟ ಹೆಸರದು. 1984ರಲ್ಲಿ ಶರಣಕುಮಾರ ಲಿಂಬಾಳೆ ಆ ಬೈಗುಳವನ್ನೇ ತಮ್ಮ ಆತ್ಮಕಥೆಯ ಶೀರ್ಷಿಕೆಯಾಗಿಸಿದರು.

ಮರಾಠಿಯಲ್ಲಿ ದಲಿತ ಆತ್ಮಕಥೆಗಳಿಗೆ ದಾರಿ ತೆರೆದದ್ದು 1978ರಲ್ಲಿ ಬಂದ ದಯಾ ಪವಾರರ ‘ಬಲುತಂ’. ಹಸಿವು, ಅಸ್ಪೃಶ್ಯತೆಗಳ ಚಿತ್ರ ಅಲ್ಲೇ ದಟ್ಟವಾಗಿತ್ತು. ಲಿಂಬಾಳೆ ತಮ್ಮ ಹುಟ್ಟನ್ನೇ ಓದುಗರ ಮುಂದಿಟ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು.

ಅವರು ಜನಿಸಿದ್ದು 1956ರಲ್ಲಿ, ಕರ್ನಾಟಕದ ಗಡಿಗೆ ಹೊಂದಿಕೊಂಡ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲ್ಲೂಕಿನ ಹನ್ನೂರಿನಲ್ಲಿ. ತಾಯಿ ಮಸಾಮಾಯಿ ಮಹಾರ್ ಜಾತಿಯವರು. ತಂದೆ ಲಿಂಗಾಯತ ಪಾಟೀಲ, ಜಮೀನ್ದಾರ. ಪಾಟೀಲನ ಕಣ್ಣಿಗೆ ಬಿದ್ದ ಮಸಾಮಾಯಿಯ ಸಂಸಾರ ಮುರಿಯಿತು. ಆದರೆ ಮಗ ಹುಟ್ಟಿದಾಗ ಅದೇ ಪಾಟೀಲ ಅವನನ್ನು ತನ್ನವನೆಂದು ಒಪ್ಪಲಿಲ್ಲ.

ಹುಡುಗ ಶಾಲೆಗೆ ಸೇರುವಾಗ ಸಂಕಟ ಎದುರಾಯಿತು. ದಾಖಲೆ ಪುಸ್ತಕದಲ್ಲಿ ತಂದೆಯ ಹೆಸರು ಬರೆಯಬೇಕಲ್ಲ! ಪಾಟೀಲನ ವಿರೋಧವಿದ್ದರೂ ಮುಖ್ಯೋಪಾಧ್ಯಾಯರು ಆತನ ಹೆಸರನ್ನೇ ಬರೆದರು. ಮನೆಯಲ್ಲಿ ಸಿಗದ ತಂದೆ ಹೀಗೆ ಶಾಲೆಯ ಕಾಗದದಲ್ಲಿ ಮಾತ್ರ ಸಿಕ್ಕಿದ.

ಹುಡುಗನನ್ನು ನಿಜವಾಗಿ ಸಾಕಿದವರು ಬೇರೆಯೇ. ಅಜ್ಜಿ ಸಂತಾಮಾಯಿ ಮತ್ತು ಆಕೆಯೊಡನೆ ಬಾಳುತ್ತಿದ್ದ ಮಹಮೂದ ದಸ್ತಗೀರ ಜಮಾದಾರ. ಮುಸ್ಲಿಮನಾದ ಈತ ಹುಡುಗನಿಗೆ ‘ದಾದಾ’. ರಕ್ತಸಂಬಂಧವಿಲ್ಲ, ಜಾತಿ ಒಂದಲ್ಲ, ಧರ್ಮ ಒಂದಲ್ಲ. ಆದರೂ ಪ್ರೀತಿಗೆ ಕೊರತೆಯಿರಲಿಲ್ಲ. ಊರು ಹಾದರವೆಂದು ಹಳಿದ ಮನೆಯೇ ಮಗುವಿಗೆ ಆಸರೆಯಾಯಿತು.

ಇಂಥ ಪುಸ್ತಕಗಳ ಬಗ್ಗೆ ಒಂದು ಆಕ್ಷೇಪ ಉಂಟು. ಹೆತ್ತ ತಾಯಿಯ ಬದುಕನ್ನು ಬೀದಿಗೆ ತರುವುದು ಸರಿಯೇ? ಈ ಪ್ರಶ್ನೆಯನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಲಿಂಬಾಳೆಯವರ ಬರಹದಲ್ಲಿ ತಾಯಿಯ ಮೇಲಿನ ಸಿಟ್ಟೂ ಇದೆ, ಸಂಕೋಚವೂ ಇದೆ. ಆದರೆ ಅಂತಿಮವಾಗಿ ಅವರು ಬೊಟ್ಟು ಮಾಡುವುದು ತಾಯಿಯತ್ತ ಅಲ್ಲ. ಬಡ ಹೆಂಗಸಿನ ದೇಹ ತನ್ನ ಹಕ್ಕೆಂದುಕೊಂಡು, ಹುಟ್ಟಿದ ಮಗುವನ್ನು ಮಾತ್ರ ಕೈಬಿಡುವ ಊರಿನ ವ್ಯವಸ್ಥೆಯತ್ತ. ಗುಟ್ಟು ಮುಚ್ಚಿಟ್ಟಷ್ಟೂ ರಕ್ಷಣೆ ಸಿಗುತ್ತಿದ್ದುದು ಪಾಟೀಲನಿಗೇ ಹೊರತು ಮಸಾಮಾಯಿಗಲ್ಲ.

ಹತ್ತು ವರ್ಷಗಳ ನಂತರ, 1994ರಲ್ಲಿ, ಕನ್ನಡದಲ್ಲಿ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಪ್ರಕಟವಾಯಿತು. ಮುದ್ದೇಬಿಹಾಳದ ದಲಿತ ಹುಡುಗನೊಬ್ಬನ ಬಾಲ್ಯವೂ ಪುಸ್ತಕವಾಯಿತು. ಅವರೂ ಶೀರ್ಷಿಕೆಗೆ ಆರಿಸಿಕೊಂಡದ್ದು ಇತರರು ಹಂಗಿಸಲು ಬಳಸುತ್ತಿದ್ದ ಮಾತನ್ನೇ.

ಇಂಥ ಬಾಲ್ಯದ ಕಥೆ ಓದಿ ಮರುಗುವುದು ಸುಲಭ. ಆ ಮಗುವನ್ನು ಹನ್ನೊಂದು ಮಾಸವೆಂದು ತೂಗಿದ ತಕ್ಕಡಿ ಯಾರ ಕೈಯಲ್ಲಿತ್ತು ಎಂದು ಕೇಳಿಕೊಳ್ಳುವುದು ಕಷ್ಟ. ಈ ಪುಸ್ತಕ ಓದುಗನಿಂದ ಬಯಸುವುದು ಆ ಕಷ್ಟವನ್ನೇ.